ಹಿಂದಿನಿಂದ ನೋಡಿದ ಚಿತ್ರ

ಆ ಹಳೆಯ ಫಾರ್ಮ್ಯಾಟನ್ನು ನಮ್ಮ ಪ್ರೋಗ್ರಾಮಿನಿಂದ ಕಿತ್ತುಹಾಕುವ ಮುಂಚೆ ನಾವು ಎಲ್ಲರನ್ನೂ ಕೇಳಿದ್ದೆವು. ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ಚಿತ್ರ ತೆಗೆಯುವ ಲ್ಯಾಬುಗಳು ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ಇಮೇಲ್ ಹೋಯಿತು: ಈ ಬಗೆಯ ಚಿತ್ರದ ಫೈಲನ್ನು ಇನ್ನೂ ಯಾರಾದರೂ ತೆರೆಯುತ್ತಿದ್ದೀರಾ? ಯಾರೂ ಹೂಂ ಅನ್ನಲಿಲ್ಲ. ಅಂಥ ಫೈಲು ಬರೆಯುವ ಯಂತ್ರವೇ ಒಂದೋ ಎರಡೋ ಉಳಿದಿದ್ದವು. ಸರಿ, ಅದನ್ನು ಓದುವ ಭಾಗವನ್ನು ಅಳಿಸಿದೆವು, ಹೊಸ ಆವೃತ್ತಿ ಬಿಟ್ಟೆವು, ಪೀಡೆ ತೊಲಗಿತು ಅಂದುಕೊಂಡು ಟೀ ಕುಡಿದು ಮನೆಗೆ ಹೋದೆವು.

ತೆರೆಯುತ್ತಿದ್ದವಳು ಒಬ್ಬಳಿದ್ದಳು. ನನ್ನ ಅಕ್ಕ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯವಳಿಗೆ ಇಂಥ ಇಮೇಲ್ ಕಳಿಸಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಅವಳು ನನ್ನ ಆಫೀಸಿಗೆ ಬಂದದ್ದು ಅದೇ ಮೊದಲು. ಲ್ಯಾಪ್‌ಟಾಪನ್ನು ಗರಿಗರಿಯಾದ ದಿಂಬಿನ ಚೀಲದೊಳಗೆ ಹಾಕಿ ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೆಲಸದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ಬರುವ ಹೆಂಗಸಲ್ಲ ಅವಳು. ನಮ್ಮ ಅಪ್ಪ ಹೋದ ದಿನವೂ ಒಲ್ಲದ ಮನಸ್ಸಿನಿಂದಲೇ ಬೀಗ ಹಾಕಿದ್ದವಳು.

"ಏನಾಯ್ತೇ ಅಕ್ಕಾ?"

"ಗುಬ್ಬಿ ಚಿತ್ರ ತೆರೀತಾ ಇಲ್ಲ ಕಣೇ. ನಿನ್ನೆವರೆಗೂ ಸರಿಯಾಗೇ ಇತ್ತು. ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತು, ಪಾಪ ಅಷ್ಟು ಮರ್ಯಾದೆಯಿಂದ ಕೇಳ್ತಲ್ಲಾ ಅಂತ ಹೂಂ ಒತ್ತಿದೆ. ಈಗ ನೋಡಿದ್ರೆ, ಇದೇನು ಫೈಲೋ ನನಗೆ ಗೊತ್ತೇ ಇಲ್ಲ ಅಂತಿದೆ."

"ಯಾವ ಚಿತ್ರ? ಅವಳ ಫೋಟೋನಾ?"

"ಅವಳ ಫೋಟೋ ಅಲ್ಲ. ಅವಳು ತೆಗೆದ ಚಿತ್ರ."

ಗುಬ್ಬಿ ಅಕ್ಕನ ಒಬ್ಬಳೇ ಮಗಳು, ಇಂಥದ್ದೇ ಒಂದು ಹರಳಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಚಿಕ್ಕಂದಿನಲ್ಲಿ ಕಾಳು ಹೆಕ್ಕುವ ಹಾಗೆ ಊಟ ಮಾಡುತ್ತಿದ್ದಳು ಅಂತ ಆ ಹೆಸರು ಬಿತ್ತು. ನನ್ನನ್ನು ಚಿಕ್ಕಿ ಅನ್ನುತ್ತಿದ್ದಳು. ರಕ್ತದ ಕಾಯಿಲೆ ಬಂದು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಅವಳು ಬದುಕಿದ್ದಾಗ ನಾನು ಬೇರೊಂದು ಊರಿನಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಚಿತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಅವಳು ಹೋದ ಮೇಲೆ ಅದನ್ನು ಬಿಟ್ಟು ಈ ಹರಳಿನ ಚಿತ್ರಗಳ ಕೆಲಸಕ್ಕೆ ಸೇರಿದೆ. ಯಾಕೆ ಅಂತ ಕೇಳಿದವರಿಗೆಲ್ಲ, ಇಲ್ಲಿ ರಜೆ ಜಾಸ್ತಿ ಅಂದೆ.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು. ದಿನಾ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕಿ, ಅದು ಕಾಯುವವರೆಗೆ ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೆರೆಯುತ್ತಾಳೆ. ಒಂದು ದಿನಕ್ಕೆ ಒಂದೇ. ಎಲ್ಲ ಮುಗಿದರೆ ಮತ್ತೆ ಮೊದಲಿನಿಂದ. ಅರ್ಥವಾಗುತ್ತದೆಯೇ ಅಂದರೆ, ಅವಳಿಗೇನು ಗೊತ್ತು? ಬೂದು ಬಣ್ಣದ ಹಾಳೆಯ ಮೇಲೆ ಕಪ್ಪು ಚುಕ್ಕಿಗಳು, ಅಷ್ಟೆ. ಮಗಳು ಕೈಯಾರೆ ತೆಗೆದದ್ದು ಅನ್ನುವುದು ಗೊತ್ತು, ಅದು ಸಾಕು.

"ಚುಕ್ಕಿ ದಿನಾ ಬೇರೆ ಬೇರೆ ಇರುತ್ತೆ. ಆದ್ರೆ ಆ ಸೌಟು ಮಾತ್ರ ಎಲ್ಲದರಲ್ಲೂ ಇರುತ್ತೆ."

"ಸೌಟಾ?"

"ಹೂಂ ಕಣೇ, ಬೆಳ್ಳಗೆ. ನಡುಮಧ್ಯೆ ಗುಂಡಗೆ, ಅದಕ್ಕೊಂದು ಉದ್ದ ಹಿಡಿ. ಹಿಡಿ ಎಡಗಡೆಗೆ. ಎಡಗೈಯವರು ಬಡಿಸೋಕೆ ನಿಂತ ಹಾಗೆ."

ನಾನು ನಕ್ಕುಬಿಟ್ಟೆ. ಅದು ಸೀಸದ ಸಣ್ಣ ಬಿಲ್ಲೆಯ ನೆರಳು. ಎಕ್ಸ್-ರೇಯ ನೇರ ಕಿರಣ ಹೋಗಿ ಚಿತ್ರ ಹಿಡಿಯುವ ಡಿಟೆಕ್ಟರನ್ನೇ ಸುಡದಿರಲಿ ಅಂತ ಅಡ್ಡ ಇಡುವ ಬಿಲ್ಲೆ, ಅದನ್ನು ಹಿಡಿದುಕೊಂಡಿರುವ ತೆಳ್ಳನೆಯ ಕಡ್ಡಿ. ಈ ಕೆಲಸಕ್ಕೆ ಸೇರಿದ ಮೇಲೆ ಇಂಥ ಸಾವಿರಾರು ಚಿತ್ರ ನೋಡಿದ್ದೇನೆ, ನನಗೆ ಯಾವತ್ತೂ ಸೌಟು ಕಂಡಿರಲಿಲ್ಲ. ನಕ್ಕವಳು ಅಕ್ಕನ ಮುಖ ನೋಡಿ ಸುಮ್ಮನಾದೆ. ಅವಳು ತಮಾಷೆಗೆ ಹೇಳಿರಲಿಲ್ಲ.

ಅಳಿಸಿದ ಭಾಗವನ್ನು ಹಳೆಯ ಆವೃತ್ತಿಯಿಂದ ಹುಡುಕಿ ತೆಗೆದು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಚಿತ್ರ ತೆರೆದುಕೊಂಡಿತು. ಅಕ್ಕ ಒಂದು ಉಸಿರು ಬಿಟ್ಟಳು. ಆಮೇಲೆ ಹೊರಡದೆ ಅಲ್ಲೇ ಕೂತಳು. ದಿಂಬಿನ ಚೀಲವನ್ನು ತೊಡೆಯ ಮೇಲೆ ಹರಡಿ, ಇಲ್ಲದ ಸುಕ್ಕನ್ನು ಅಂಗೈಯಿಂದ ತೀಡುತ್ತ ಕೇಳಿದಳು:

"ಇದು ಕಸಾನಾ?"

"ಯಾರಂದ್ರು?"

"ಅವಳ ಮೇಷ್ಟ್ರು. ನಿನಗೆ ಇದೆಲ್ಲಾ ತಿಳಿಯುತ್ತಲ್ಲಾ, ನೋಡಿ ಹೇಳು. ಸುಳ್ಳು ಹೇಳ್ಬೇಡ, ನನಗೆ ಸಮಾಧಾನ ಬೇಕಾಗಿಲ್ಲ. ಗುಬ್ಬಿ ಈ ಚಿತ್ರಗಳು ಯಾಕೆ ಕೂಡಿಬರ್ಲಿಲ್ಲ ಅಂತ ಮೇಷ್ಟ್ರ ಹತ್ರ ಹೋಗಿ, ಓದೋ ಪ್ರೋಗ್ರಾಮಲ್ಲೇ ಏನೋ ತಪ್ಪಿರ್ಬೇಕು ಸಾರ್ ಅಂದ್ಲಂತೆ. ಅವರು ನಕ್ಕು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದ್ರಂತೆ. ಎಲ್ಲರ ಮುಂದೆ. ಆಸ್ಪತ್ರೆ ಮಂಚದ ಮೇಲೂ ಅದನ್ನೇ ಅಂತಿದ್ಲು. ಅಮ್ಮಾ, ನನಗೆ ಕುಣಿಯೋಕೆ ಬರ್ತಿತ್ತೋ ಇಲ್ವೋ ಕೊನೆಗೂ ತಿಳೀಲೇ ಇಲ್ಲ ನೋಡು, ಅಂತ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗುಬ್ಬಿಯೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತಾಗಲೆಲ್ಲ ಅವಳು ನನ್ನ ಕೂದಲು ನರೆತದ್ದನ್ನು ಆಡಿಕೊಳ್ಳುತ್ತಿದ್ದಳು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ನನಗೆ ಎಲ್ಲದಕ್ಕೂ ಮೊದಲು ಬರುವುದು ಅದೇ.

"ನೋಡಿ ಹೇಳ್ತೀನಿ" ಅಂದೆ.

ಗುಬ್ಬಿ ಮಾಡಿದ ಕೆಲಸವನ್ನು ತಿಳಿಯಾಗಿ ಹೇಳುತ್ತೇನೆ. ನಮ್ಮ ಮೈಯೊಳಗಿನ ಒಂದು ಪ್ರೋಟೀನಿನ ಆಕಾರ ಹೇಗಿದೆ ಅಂತ ಅವಳಿಗೆ ತಿಳಿಯಬೇಕಿತ್ತು. ಕಣ್ಣಿಗಾಗಲಿ ಭೂತಗನ್ನಡಿಗಾಗಲಿ ಅದು ಕಾಣುವುದಿಲ್ಲ. ಅದನ್ನು ಹರಳುಗಟ್ಟಿಸಬೇಕು, ಹರಳಿಗೆ ಎಕ್ಸ್-ರೇ ಬಿಡಬೇಕು, ಕಿರಣ ಚದುರಿ ಬೀಳುವ ಚುಕ್ಕಿಗಳ ಚಿತ್ರ ತೆಗೆಯಬೇಕು. ಹರಳನ್ನು ನಿಂತಲ್ಲೇ ಕೂದಲೆಳೆಯಷ್ಟು ತಿರುಗಿಸಿ ಇನ್ನೊಂದು ಚಿತ್ರ, ಮತ್ತಷ್ಟು ತಿರುಗಿಸಿ ಮತ್ತೊಂದು. ಎಲ್ಲ ಚಿತ್ರಗಳ ಚುಕ್ಕಿಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರೆ ಕೊನೆಗೆ ಆಕಾರ ಸಿಗುತ್ತದೆ. ಆದರೆ ಆ ಪ್ರೋಟೀನಿಗೆ ಹರಳಾಗುವ ಮನಸ್ಸೇ ಇರಲಿಲ್ಲ. ವರ್ಷಗಟ್ಟಲೆ ಓಲೈಸಿದ ಮೇಲೆ ಒಂದೇ ಒಂದು ಸಲ, ಒಂದೇ ಒಂದು ಹರಳು ಬಂತು. ಅದೂ ಎಂಥ ನಾಜೂಕು ಅಂದರೆ, ತಣ್ಣಗೆ ಮಾಡಿದರೆ ಬಿರಿಯುತ್ತಿತ್ತು, ಹೊತ್ತುಕೊಂಡು ಹೋದರೆ ಕರಗುತ್ತಿತ್ತು. ಮಿಕ್ಕವರೆಲ್ಲ ತಮ್ಮ ಹರಳುಗಳನ್ನು ದೂರದ ದೊಡ್ಡ ಯಂತ್ರಕ್ಕೆ ಒಯ್ಯುತ್ತಾರೆ. ಇವಳು ತನ್ನದನ್ನು ಗಾಜಿನ ಸಣ್ಣ ನಳಿಗೆಯಲ್ಲಿಟ್ಟು, ಉಸಿರು ಬಿಗಿಹಿಡಿದು, ಕಟ್ಟಡದ ನೆಲಮಾಳಿಗೆಯಲ್ಲಿದ್ದ ಹಳೆಯ ಯಂತ್ರಕ್ಕೇ ಇಳಿಸಿದಳು. ಎಕ್ಸ್-ರೇ ಬಿದ್ದಷ್ಟೂ ಹರಳು ಸಾಯುತ್ತ ಹೋಗುತ್ತದೆ. ಅದು ಪೂರ್ತಿ ಸಾಯುವ ಮುಂಚೆ ಬೇಕಾದ ಚಿತ್ರಗಳೆಲ್ಲ ಬಂದವು. ಅದೇ ಒಂದು ಪವಾಡ.

ಇಷ್ಟಾಗಿಯೂ ಚಿತ್ರಗಳು ಕೂಡಿಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನೂ ಕೂಡಿಸಲು ಕೂತೆ. ಆಫೀಸಿನ ಕೆಲಸ ಮುಗಿಸಿ ಸಂಜೆ ಒಂದಿಷ್ಟು ಹೊತ್ತು, ರಜೆಯ ದಿನ ಒಂದಿಷ್ಟು ಹೊತ್ತು. ಒಂದೇ ಚಿತ್ರವನ್ನು ಕೊಟ್ಟರೆ ಪ್ರೋಗ್ರಾಂ ಜಾಣಮಗುವಿನ ಹಾಗೆ ಉತ್ತರ ಹೇಳುತ್ತಿತ್ತು: ಹರಳು ಹೀಗೆ ನಿಂತಿದೆ, ಅದರ ಅಳತೆ ಇಷ್ಟು. ಮುಂದಿನ ಚಿತ್ರ ಬೇರೆಯಾಗಿ ಕೊಟ್ಟರೂ ಸರಿಯಾದ ಉತ್ತರ. ಎರಡನ್ನೂ ಒಟ್ಟಿಗೆ ಕೊಟ್ಟೆನೋ, ಜಗಳ ಶುರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹರಳು ಬಲಕ್ಕೆ ಇಷ್ಟು ತಿರುಗಿದೆ, ಹಾಗಾದರೆ ಚುಕ್ಕಿ ಇಲ್ಲಿರಬೇಕು ಅಂತ ಪ್ರೋಗ್ರಾಂ ಬೆರಳಿಟ್ಟು ತೋರಿಸಿದ ಕಡೆ ಚುಕ್ಕಿಯೇ ಇರುತ್ತಿರಲಿಲ್ಲ. ಹರಳು ಯಾವ ಕಡೆಗೆ ತಿರುಗುತ್ತದೆ ಅನ್ನುವುದನ್ನು ಲ್ಯಾಬಿನವರೆಲ್ಲ ಕಣ್ಣಾರೆ ಕಂಡಿದ್ದರು, ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಹಾಗಾದರೆ ಹರಳೇ ಒಳಗೊಳಗೆ ಒಡೆದಿರಬೇಕು. ಮೇಷ್ಟ್ರು ಹೇಳಿದ್ದೂ ಇದನ್ನೇ. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಹೇಳುತ್ತಿದ್ದೆ, ಗಾದೆಯೊಂದನ್ನು ಬಿಟ್ಟು.

ಅಕ್ಕನ ಅಂಗಡಿಗೆ ಹೋದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿ, ಆವಿ ಬಿಟ್ಟು, ಇನ್ನೊಂದು ಅಂಗಿ ಎಳೆದುಕೊಳ್ಳುತ್ತಿದ್ದಳು. ಕಸವೇ ಇರಬೇಕು ಅಕ್ಕಾ ಅನ್ನುವ ಮಾತು ನನ್ನ ಗಂಟಲವರೆಗೆ ಬಂದು ಎಷ್ಟೋ ಸಲ ಹಿಂದಕ್ಕೆ ಹೋಯಿತು. ಒಂದು ದಿನ ಅವಳೇ, ಬಿಟ್ಟುಬಿಡೇ, ನಿನ್ನ ಕಣ್ಣು ಕೆಂಪಾಗಿದೆ ಅಂದಳು. ಆ ದಿನ ಮಾತ್ರ ನನಗೆ ಹಟ ಹತ್ತಿತು.

ಆ ಫಾರ್ಮ್ಯಾಟಿನ ಬಗ್ಗೆ ಕಾಗದ ಏನಾದರೂ ಇದೆಯೇ ಅಂತ ಕೇಳಲು ಮೇಷ್ಟ್ರಿಗೆ ಫೋನ್ ಮಾಡಿದೆ. ಗುಬ್ಬಿಯ ಚಿಕ್ಕಮ್ಮ ಅಂದೆ. ಕಾಗದವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಈ ವಾರ ಯಂತ್ರವನ್ನೇ ಬಿಚ್ಚಿ ಗುಜರಿಗೆ ಹಾಕುತ್ತಿದ್ದೇವೆ, ನೋಡುವುದಿದ್ದರೆ ಬೇಗ ಬನ್ನಿ ಅಂದರು.

ಹೋದೆ. ದಾರಿಯುದ್ದಕ್ಕೂ ಅವರಿಗೆ ಏನೇನು ಅನ್ನಬೇಕು ಅಂತ ಜೋಡಿಸಿಕೊಳ್ಳುತ್ತ ಹೋದೆ. ಚೆನ್ನಾಗಿಯೇ ಜೋಡಿಸಿದ್ದೆ. ಮೇಷ್ಟ್ರು ಕುಳ್ಳಗಿನ ಮನುಷ್ಯ, ಸ್ವೆಟರಿನ ಮೊಳಕೈ ಸವೆದಿತ್ತು, ಮಾತಾಡುವಾಗ ಕಣ್ಣು ತಪ್ಪಿಸುತ್ತಿದ್ದರು. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ, ತಲೆ ತಗ್ಗಿಸಿ, ಇಲ್ಲಿ ಎಲ್ಲರಿಗೂ ಬಡಿಯುತ್ತೆ ಅಂದರು. ಆ ಮನುಷ್ಯನನ್ನು ಬೈಯುವುದಕ್ಕೆ ಸರಿಯಾದ ಜಾಗ ಸಿಗಲಿಲ್ಲ.

ಯಂತ್ರಕ್ಕೆ ಬೀರುವಿನಂಥ ದಪ್ಪ ಗಾಜಿನ ಬಾಗಿಲು. ಕರೆಂಟು ತೆಗೆದಿದ್ದರು, ಅರ್ಧ ಸ್ಕ್ರೂಗಳು ಆಗಲೇ ಒಂದು ತಟ್ಟೆಯಲ್ಲಿದ್ದವು. ಕಿರಣ ಹೊರಡುವ ಮೂತಿಯ ಪಕ್ಕ ನಿಂತು ಒಳಗೆ ಬಗ್ಗಿ ನೋಡಿದೆ. ಎದುರಿಗೆ ಹರಳು ನಿಲ್ಲಿಸುವ ಪುಟ್ಟ ಕಂಬ, ಅದರಾಚೆ ಸೀಸದ ಬಿಲ್ಲೆ, ಕೊನೆಗೆ ಡಿಟೆಕ್ಟರಿನ ಕಪ್ಪು ಹಲಗೆ. ಗುಬ್ಬಿ ನಿಲ್ಲುತ್ತಿದ್ದ ಜಾಗ ಅಂತ ಅನಿಸಿ ಒಂದು ಕ್ಷಣ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಾಗ ಬಿಲ್ಲೆಯೂ ಅದರ ಕಡ್ಡಿಯೂ ನಿಜಕ್ಕೂ ಸೌಟಿನ ಹಾಗೇ ಕಂಡವು. ಅಕ್ಕನ ಮಾತು ನೆನಪಾಗಿ ನಗು ಬಂತು.

ಸೌಟಿನ ಹಿಡಿ ಬಲಗಡೆಗಿತ್ತು.

"ಸಾರ್, ಈ ಕಡ್ಡೀನ ಯಾವತ್ತಾದ್ರೂ ಆ ಪಕ್ಕಕ್ಕೆ ಹಾಕಿದ್ರಾ?"

"ಎಲ್ಲಿ ಹಾಕೋಕಾಗುತ್ತೆ? ಅದಕ್ಕೆ ತೂತಿರೋದೇ ಈ ಬಲಗಡೆ ಕಂಬದಲ್ಲಿ. ಯಾಕೆ?"

ಫೋನಿನಲ್ಲಿ ಗುಬ್ಬಿಯ ಒಂದು ಚಿತ್ರ ತೆರೆದು ಅವರ ಮುಂದೆ ಹಿಡಿದೆ. ಹಿಡಿ ಎಡಗಡೆಗೆ. ಅವರು ಚಿತ್ರ ನೋಡಿದರು, ಯಂತ್ರ ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ಅಲ್ಲೇ ಇದ್ದ ಉಪಕರಣದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಈ ಹಳೆಯ ಫೈಲಿನಲ್ಲಿ ಮೊದಲು ಒಂದಿಷ್ಟು ಅಕ್ಷರ ಇರುತ್ತವೆ: ದಿನಾಂಕ, ಡಿಟೆಕ್ಟರು ಎಷ್ಟು ದೂರ, ಹರಳು ಎಷ್ಟು ತಿರುಗಿದೆ. ಆಮೇಲೆ ಬರೀ ಅಂಕಿಗಳು, ಸಾಲುಸಾಲಾಗಿ. ಒಂದೊಂದು ಅಂಕಿಯೂ ಹಲಗೆಯ ಒಂದೊಂದು ಸಣ್ಣ ಚೌಕದ ಮೇಲೆ ಎಷ್ಟು ಕಿರಣ ಬಿತ್ತು ಅನ್ನುವುದರ ಲೆಕ್ಕ. ಸಾಲನ್ನು ಯಾವ ತುದಿಯಿಂದ ಓದಬೇಕು, ಹಲಗೆಯ ಮುಂದೆ ನಿಂತು ನೋಡಿದ್ದೋ ಹಿಂದೆ ನಿಂತು ನೋಡಿದ್ದೋ, ಅದನ್ನು ಫೈಲು ಹೇಳುವುದಿಲ್ಲ. ಹೇಳಲು ಅದರಲ್ಲಿ ಜಾಗವೇ ಇಲ್ಲ. ಪ್ರೋಗ್ರಾಂ ಮುಂದಿನಿಂದ ಅಂದುಕೊಂಡಿತ್ತು. ಯಂತ್ರ ಹಿಂದಿನಿಂದ ಬರೆಯುತ್ತಿತ್ತು. ಅಂಗಡಿಯ ಗಾಜಿನ ಮೇಲಿನ ಅಕ್ಷರವನ್ನು ಒಳಗೆ ಕೂತು ಓದಿದ ಹಾಗೆ, ಎಲ್ಲವೂ ಎಡಬಲ. ಒಂದೇ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ, ಎಡಬಲವಾದ ಚುಕ್ಕಿಗಳೂ ಚುಕ್ಕಿಗಳೇ. ಹರಳು ತಿರುಗಿದಾಗ ಮಾತ್ರ ಚುಕ್ಕಿಗಳೆಲ್ಲ ಹೋಗಬೇಕಾದ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಹೋಗುತ್ತವೆ. ಬೇರೆ ಯಾರೂ ಇದಕ್ಕೆ ಸಿಕ್ಕಿಬೀಳದಿದ್ದದ್ದು ಯಾಕೆಂದರೆ, ಅವರು ಈ ಯಂತ್ರದಲ್ಲಿ ಒಂದು ಚಿತ್ರ ತೆಗೆದು, ಹರಳು ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡು ದೊಡ್ಡ ಯಂತ್ರಕ್ಕೆ ಓಡುತ್ತಿದ್ದರು. ಇಲ್ಲೇ ಕೂತು ಇಡೀ ಸರಣಿ ತೆಗೆದವಳು ಗುಬ್ಬಿಯೊಬ್ಬಳೇ.

ಇದನ್ನು ಯಾರು ಮಾಡಿದರು ಅಂತ ಹುಡುಕಿದೆ, ಹುಡುಕದೆ ಇರುತ್ತೇನೆಯೇ? ಯಂತ್ರ ಮೊದಲು ಇನ್ನೊಂದು ಲ್ಯಾಬಿನಲ್ಲಿತ್ತು. ಓದುವ ಭಾಗ ಬರೆದುಕೊಟ್ಟವರು ಆ ಲ್ಯಾಬಿನವರು, ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಇಲ್ಲಿಗೆ ಸಾಗಿಸುವಾಗ ಡಿಟೆಕ್ಟರಿನೊಳಗಿನ ಒಂದು ಕಾರ್ಡು ಕೆಟ್ಟಿತು, ರಿಪೇರಿಯವರು ಬೇರೆ ಕಾರ್ಡು ಹಾಕಿದರು, ಅದು ಸಾಲನ್ನು ಇನ್ನೊಂದು ತುದಿಯಿಂದ ಬರೆಯತೊಡಗಿತು. ರಿಪೇರಿಯವರಿಗೆ ಚಿತ್ರ ಬಂದರೆ ಸಾಕಿತ್ತು. ಬಂತು. ಎಲ್ಲರೂ ತಂತಮ್ಮ ಕೆಲಸವನ್ನು ನೆಟ್ಟಗೇ ಮಾಡಿದ್ದರು. ಬೈಯುವುದಕ್ಕೆ ಒಂದು ನರಪಿಳ್ಳೆಯೂ ಇಲ್ಲದ ತಪ್ಪಿನಷ್ಟು ಸಂಕಟ ಇನ್ನೊಂದಿಲ್ಲ.

ಸರಿಮಾಡಲು ಬೇಕಾದದ್ದು ಪ್ರೋಗ್ರಾಮಿನಲ್ಲಿ ಒಂದು ಸಾಲು. ಪ್ರತಿ ಸಾಲಿನ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಓದು ಅನ್ನುವ ಒಂದು ಸಾಲು. ಬರೆದು, ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಕೊಟ್ಟೆ. ಪ್ರೋಗ್ರಾಂ ಬೆರಳಿಟ್ಟ ಕಡೆಯೆಲ್ಲ ಚುಕ್ಕಿ ಇತ್ತು. ಒಂದೊಂದೂ ತನ್ನ ಜಾಗದಲ್ಲಿ ಕೂತು ಕಾಯುತ್ತಿತ್ತು, ಕರೆದರೆ ಸಾಕು ಅನ್ನುವ ಹಾಗೆ. ಹರಳು ಒಡೆದಿರಲಿಲ್ಲ. ಅಷ್ಟು ಚೆಂದದ ಹರಳನ್ನು ನಾನು ಈ ಕೆಲಸದಲ್ಲಿ ಕಂಡೇ ಇಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಪಕ್ಕದ ಮೇಜಿನವರು ಬಂದು, ಏನಾದ್ರೂ ಕೆಟ್ಟ ಸುದ್ದೀನಾ ಅಂದರು. ಒಳ್ಳೇದು ಅಂದೆ.

ಮೇಷ್ಟ್ರ ಲ್ಯಾಬಿನವರು ಮುಂದಿನ ಲೆಕ್ಕವನ್ನೆಲ್ಲ ಮಾಡಿ ಪ್ರೋಟೀನಿನ ಆಕಾರ ತೆಗೆದರು. ಅದನ್ನು ಪ್ರಕಟಿಸುವಾಗ ಗುಬ್ಬಿಯ ಹೆಸರೇ ಮೊದಲು ಬರಬೇಕು ಅಂತ ನಾನು ಕೇಳುವ ಮುಂಚೆಯೇ ಅವರು ಹೇಳಿದರು. ಆಮೇಲೆ, ಬಾಗಿಲವರೆಗೆ ಬಂದು, "ಅವತ್ತು ನಾನು ಬೇರೆ ಮಾತು ಆಡಬಹುದಿತ್ತು" ಅಂದರು. ಹೌದು ಅಂದೆ. ಜೋಡಿಸಿಟ್ಟುಕೊಂಡಿದ್ದ ಬೈಗುಳದಲ್ಲಿ ಅವರಿಗೆ ಸಿಕ್ಕಿದ್ದು ಅಷ್ಟೇ. ಉಳಿದದ್ದನ್ನು ಹಾಗೇ ವಾಪಸ್ಸು ಹೊತ್ತು ತಂದೆ.

ಎಲ್ಲ ಖಚಿತವಾಗುವವರೆಗೆ ಅಕ್ಕನಿಗೆ ಹೇಳದೆ ಕಾದಿದ್ದೆ. ಮರುದಿನ ಅವಳ ಅಂಗಡಿಗೆ ಓಡಿದೆ. ಹೊಸ ಪ್ರೋಗ್ರಾಮನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲು ಪ್ರೋಟೀನಿನ ಚಿತ್ರ ತೋರಿಸಿದೆ: ಬಣ್ಣಬಣ್ಣದ ಸುರುಳಿ, ಪಟ್ಟಿ, ನಿಧಾನಕ್ಕೆ ತಿರುಗುತ್ತಿತ್ತು. ಅಕ್ಕ ಪೆಟ್ಟಿಗೆ ಎತ್ತಿಟ್ಟು, ಕೈ ಒರೆಸಿಕೊಂಡು, ಬೇರೆಯವರ ಮನೆಯ ಮದುವೆಯ ಫೋಟೋ ನೋಡುವವಳ ಹಾಗೆ ಮರ್ಯಾದೆಯಿಂದ ನೋಡಿದಳು.

"ಚೆನ್ನಾಗಿದೆ. ಇದನ್ನ ಗುಬ್ಬಿ ನೋಡಿರ್ಲಿಲ್ಲ, ಅಲ್ವಾ?"

"ಇಲ್ಲ."

"ಅವಳ ಚಿತ್ರ ತೆಗಿ."

ತೆಗೆದೆ. ಅಕ್ಕ ಹತ್ತಿರ ಬಗ್ಗಿದಳು, ಹುಬ್ಬು ಗಂಟಿಕ್ಕಿತು.

"ಇದಲ್ಲ ಕಣೇ. ಇದು ಬೇರೆ. ಸೌಟು ಈ ಕಡೆಗಿದೆ."

"ಇದೇ ಸರಿ ಅಕ್ಕಾ. ಇಷ್ಟು ದಿನ ನೀನು ನೋಡ್ತಿದ್ದದ್ದು ಎಡಬಲ ಆಗಿತ್ತು. ಅದಕ್ಕೇ ಅವಳ ಲೆಕ್ಕ ಕೂಡಿಬರ್ಲಿಲ್ಲ. ಅವಳು ಹೇಳಿದ್ದೇ ನಿಜ, ಪ್ರೋಗ್ರಾಮಲ್ಲೇ ತಪ್ಪಿತ್ತು. ಕಸ ಅಲ್ಲ ಅಕ್ಕಾ. ಅವಳಿಗೆ ಕುಣಿಯೋಕೆ ಬರ್ತಿತ್ತು. ನೆಲಾನೇ ಡೊಂಕಿತ್ತು."

ಎಷ್ಟೋ ದಿನದಿಂದ ಹೇಳಬೇಕೆಂದು ಕಾದ ಮಾತು. ಹೇಳಿ ಅವಳ ಮುಖ ನೋಡಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಒಬ್ಬರು ಬಂದು ಕೋಟು ಕೇಳಿದರು. ಅಕ್ಕ ಕಣ್ಣೊರೆಸಿ, ಕೋಟು ಕೊಟ್ಟು, ಚಿಲ್ಲರೆ ಕೊಟ್ಟು ಬಂದಳು.

"ನಿನಗೆ ಹೇಗೇ ಗೊತ್ತಾಯ್ತು?" ಅಂದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಹಗುರ ಇತ್ತು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅವಳನ್ನು ಇನ್ನಷ್ಟು ಖುಷಿಪಡಿಸುವ ಹುಚ್ಚಿನಲ್ಲಿ ಹೇಳಿಬಿಟ್ಟೆ.

"ನಿನ್ನಿಂದಲೇ ಕಣೇ! ನೀನು ಸೌಟು ಅಂದ್ಯಲ್ಲಾ, ಎಡಗೈಯವರು ಹಿಡಿದ ಹಾಗೆ ಅಂತ. ಯಂತ್ರದ ಮುಂದೆ ನಿಂತಾಗ ಅದು ನೆನಪಾಯ್ತು. ಅಲ್ಲಿ ನೋಡಿದ್ರೆ ಹಿಡಿ ಬಲಗಡೆಗಿದೆ. ಅಷ್ಟೇ. ನಾವೆಲ್ಲಾ ಇಷ್ಟು ಓದಿ, ಚುಕ್ಕಿ ಬಿಟ್ಟು ಬೇರೇನೂ ನೋಡ್ತಾನೇ ಇರ್ಲಿಲ್ಲ."

"ಅಷ್ಟೇನಾ? ಅಷ್ಟು ಹೇಳಿದ್ರೆ ಸಾಕಿತ್ತಾ?"

"ಸಾಕಿತ್ತು."

ಅಕ್ಕ ಇಸ್ತ್ರಿ ಮೇಜಿಗೆ ಒರಗಿದಳು. ಮುಖದ ಆ ಹಗುರ ನನ್ನ ಕಣ್ಣೆದುರಿಗೇ ಇಳಿಯಿತು.

"ಚಿತ್ರ ಬಂದ ದಿನ ಅವಳು ಲ್ಯಾಪ್‌ಟಾಪ್ ಹೊತ್ಕೊಂಡು ಸೀದಾ ಇಲ್ಲಿಗೇ ಬಂದಿದ್ಲು. ಅಮ್ಮಾ ಬಾ ನೋಡು, ಎಷ್ಟು ಚೆನ್ನಾಗಿ ಬಂದಿದೆ ಅಂತ. ಯಾವುದೋ ಹೋಟೆಲಿನ ಮೇಜಿನ ಬಟ್ಟೆ ರಾಶಿ ಬಿದ್ದಿತ್ತು. ಈಗ ಪುರುಸೊತ್ತಿಲ್ಲ, ಆಮೇಲೆ ನೋಡ್ತೀನಿ ಅಂದೆ. ತಲೆ ಎತ್ತಿ ಕೂಡ ನೋಡ್ಲಿಲ್ಲ. ಅವಳು ಅಲ್ಲಿ, ಆ ಸ್ಟೂಲಿನ ಮೇಲೆ, ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ್ಲು. ಆಮೇಲೆ ಅವಳೂ ಕರೀಲಿಲ್ಲ, ನಾನೂ ಕೇಳ್ಲಿಲ್ಲ." ಸ್ಟೂಲಿನ ಕಡೆ ನೋಡಿ ಅಂದಳು: "ನೋಡಿದ್ದಿದ್ರೆ ಸೌಟು ಅಂತಿದ್ದೆ. ನನ್ನ ಬಾಯಿಗೆ ಬರೋದೇ ಅಂಥದ್ದು."

"ಹಾಗೇನಿಲ್ಲ ಅಕ್ಕಾ. ಅವಳಿಗೆ ಅದು ಹೊಳೀತಿತ್ತು ಅಂತ ಹೇಗೆ ಹೇಳ್ತೀಯಾ?"

"ಅವಳು ದಿನಾ ಆ ಯಂತ್ರದ ಮುಂದೆ ನಿಲ್ತಿದ್ಲು. ನಿನಗಿಂತ ಚುರುಕಿದ್ಲು ಅವಳು."

ನಿಜ. ನನಗಿಂತ ಚುರುಕಿದ್ದಳು. ಅಮ್ಮನ ಬಾಯಲ್ಲಿ ಎಡಗೈ ಸೌಟು ಅಂತ ಕೇಳಿದ್ದರೆ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಗು ಅರ್ಧಕ್ಕೇ ನಿಲ್ಲುತ್ತಿತ್ತು, ಚಪ್ಪಲಿ ಮೆಟ್ಟಿಕೊಂಡು ನೆಲಮಾಳಿಗೆಗೆ ಓಡುತ್ತಿದ್ದಳು. ಇದು ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಮಗಳ ಮೇಲಿದ್ದ ಕಳಂಕವನ್ನು ತೆಗೆದು ತಾಯಿಯ ತಲೆಯ ಮೇಲೆ ಹೊರಿಸಿದ್ದೆ. ಬೀದಿಯಲ್ಲಿ ಬಸ್ಸು ನಿಂತು ಹೊರಟಿತು, ಗಾಜು ಗಡಗಡ ಅಂದಿತು.

"ಹಳೇದನ್ನೇ ಹಾಕ್ಕೊಡು" ಅಂದಳು ಅಕ್ಕ.

"ಅದು ತಪ್ಪು ಅಕ್ಕಾ."

"ಇರ್ಲಿ. ಅವಳು ನೋಡಿದ್ದು ಹಾಗೇ ಅಲ್ವಾ? ಅವತ್ತು ನನಗೆ ತೋರ್ಸೋಕೆ ತಂದದ್ದೂ ಅದನ್ನೇ."

ಸರಿಮಾಡಿದ ಸಾಲನ್ನು ತೆಗೆದೆ. ಜಗತ್ತಿನ ಬೇರೆಲ್ಲ ಕಡೆ ಆ ಫೈಲು ಇನ್ನು ಮೇಲೆ ಸರಿಯಾಗಿ ತೆರೆಯುತ್ತದೆ, ಈ ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ತಪ್ಪಾಗಿ. ಚಿತ್ರ ಮತ್ತೆ ಎಡಬಲವಾಗಿ ಬಂತು. ಹೊರಗೆ ಇಬ್ಬರು ಬಟ್ಟೆಗೆ ಕಾಯುತ್ತಿದ್ದರು. ಅಕ್ಕ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದಳು, ಬಾಗಿಲ ಫಲಕವನ್ನು 'ಮುಚ್ಚಿದೆ' ಅಂತ ತಿರುಗಿಸಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ನನಗೆ ಪಕ್ಕದ ಸ್ಟೂಲು ತೋರಿಸಿದಳು.

"ಕೂತ್ಕೋ. ಇದರಲ್ಲಿ ಏನೇನಿದೆ, ಒಂದೊಂದೇ ಹೇಳು. ಅವಳಾಗಿದ್ರೆ ಹೇಗೆ ಹೇಳ್ತಿದ್ಲೋ ಹಾಗೆ. ಈಗ ನನಗೆ ಪುರುಸೊತ್ತಿದೆ."

ಹೊರಗಿನವರು ಒಮ್ಮೆ ಗಾಜು ತಟ್ಟಿದರು, ಅಕ್ಕ ತಿರುಗಿ ನೋಡಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಕೂತು, ಮೇಲಿನ ಮೂಲೆಯ ಮೊದಲ ಚುಕ್ಕಿಯಿಂದ ಶುರುಮಾಡಿದೆ.